ನಾಲ್ಕುನೂರ ಹದಿನೈದರ ಉಪಕಾರ

ಪ್ರತಿಯೊಬ್ಬರಿಗೂ ಒಂದೊಂದು ಚಟ ಇರುತ್ತದೆ. ಕೆಲವರು ತಂಬಾಕು ತಿಕ್ಕುತ್ತಾರೆ, ಕೆಲವರು ಇಸ್ಪೀಟು ಆಡುತ್ತಾರೆ, ಇನ್ನು ಕೆಲವರು ಎದ್ದು ಮುಖ ತೊಳೆಯುವ ಮೊದಲೇ ಮೊಬೈಲಿನಲ್ಲಿ ಕಂಡ ಕಂಡವರಿಗೆಲ್ಲ ಗುಲಾಬಿ ಹೂವಿನ ಶುಭೋದಯ ಕಳಿಸುತ್ತಾರೆ. ನನಗಿರುವುದು ಓದುವ ಚಟ. ಹಾಗೆಂದ ಕೂಡಲೇ ನನ್ನ ಮೇಲೆ ಗೌರವ ತಾಳಬೇಡಿ. ನಾನು ಓದುವುದು ಪುಸ್ತಕಗಳನ್ನಲ್ಲ, ಪೊಟ್ಟಣಗಳ ಬೆನ್ನನ್ನು. ಬಿಸ್ಕತ್ತು, ಬ್ರೆಡ್ಡು, ಸಾಸು, ಐಸ್‌ಕ್ರೀಮು ಯಾವುದೇ ಇರಲಿ, ಮುಂಭಾಗದಲ್ಲಿ ನಗುತ್ತಿರುವ ಮಗುವನ್ನೋ ಹಾಲು ಸುರಿಯುತ್ತಿರುವ ಕೈಯನ್ನೋ ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ಸರಕ್ಕನೆ ತಿರುಗಿಸಿ, ಕನ್ನಡಕವನ್ನು ಹಣೆಗೇರಿಸಿ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರಗಳಲ್ಲಿ ಏನು ಬರೆದಿದ್ದಾರೆ ಎಂದು ಹುಡುಕುತ್ತೇನೆ. ಎಮಲ್ಸಿಫೈಯರ್ ಮುನ್ನೂರ ಇಪ್ಪತ್ತೆರಡು, ಸ್ಟೆಬಿಲೈಜರ್ ನಾಲ್ಕುನೂರ ಹನ್ನೆರಡು, ನಾಲ್ಕುನೂರ ಹದಿನೈದು. ಸಿಕ್ಕಿತೆಂದರೆ ಕಳ್ಳನನ್ನು ಹಿಡಿದ ಪೊಲೀಸಿನಷ್ಟು ಸಂತೋಷ.

ಈ ಚಟ ಹತ್ತಿದ್ದು ಸಣ್ಣವನಿದ್ದಾಗ, ಔರಾದ ತಾಲೂಕಿನ ನಮ್ಮ ಡಾಬಕಾದಲ್ಲಿ. ಅಪ್ಪ ಸಂತೆಯಿಂದ ಭಜಿ ತಂದರೆ ಮನೆಯವರೆಲ್ಲ ಭಜಿಗೆ ಕೈ ಹಾಕುತ್ತಿದ್ದರು, ನಾನು ಭಜಿ ಕಟ್ಟಿದ್ದ ಪತ್ರಿಕೆಯ ತುಂಡಿಗೆ ಕೈ ಹಾಕುತ್ತಿದ್ದೆ. ಗಡಿಯೂರಾದ್ದರಿಂದ ಆ ತುಂಡು ಒಮ್ಮೆ ಕನ್ನಡದ್ದು, ಒಮ್ಮೆ ಮರಾಠಿಯದ್ದು. ಎಣ್ಣೆ ಕುಡಿದು ಆಚೆ ಪುಟದ ಅಕ್ಷರ ಈಚೆ ಪುಟಕ್ಕೆ ಬಂದು ಒಂದು ಕೊಲೆಯ ಸುದ್ದಿಯೂ ಒಂದು ಮದುವೆಯ ಸುದ್ದಿಯೂ ಬೆರೆತುಹೋಗಿರುತ್ತಿದ್ದವು. ಯಾವ ಸುದ್ದಿಗೂ ಕೊನೆ ಇರುತ್ತಿರಲಿಲ್ಲ. ಬಹುಶಃ ಆಗಲೇ ಅರ್ಧ ಓದಿ ಪೂರ್ತಿ ತೀರ್ಮಾನಕ್ಕೆ ಬರುವ ಅಭ್ಯಾಸವೂ ನನಗೆ ಅಂಟಿಕೊಂಡಿರಬೇಕು. ಮುಂದೆ ಎಂ.ಎಸ್ಸಿ. ಮಾಡಿ, ಭಾಲ್ಕಿಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕನಾದೆ. ಮನೆ ಬೀದರಿನಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಪೊಟ್ಟಣ ಓದುವ ಚಟಕ್ಕೆ ಪದವಿಯ ಬೆಂಬಲವೂ ಸಿಕ್ಕಿದ ಮೇಲೆ ನನ್ನ ಹೆಂಡತಿ ಸುಜಾತಾ ನನ್ನನ್ನು ಕಿರಾಣಿ ಅಂಗಡಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಳು. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ, ತಾಳ್ಮೆ ಅವಳ ವೃತ್ತಿಯ ಭಾಗ. ಆದರೂ ಒಂದು ಟೋಸ್ಟಿನ ಪೊಟ್ಟಣದ ಮುಂದೆ ಇಪ್ಪತ್ತು ನಿಮಿಷ ನಿಲ್ಲುವ ತಾಳ್ಮೆಯನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲವಂತೆ.

ನಮ್ಮ ಜೊತೆಗೇ ಇರುವವರು ನನ್ನ ಅತ್ತೆ, ಅಂದರೆ ಸುಜಾತಾಳ ತಾಯಿ ಶಾಂತಾಬಾಯಿ. ಠಾಣಾ ಕುಶನೂರಿನಲ್ಲಿ ಅಂಗನವಾಡಿ ಕಾರ್ಯಕರ್ತೆಯಾಗಿದ್ದು ನಿವೃತ್ತರಾದವರು. ಊರಿನ ಎರಡು ತಲೆಮಾರಿನ ಮಕ್ಕಳಿಗೆ ಬಾಯಿಗೆ ತುತ್ತಿಟ್ಟು ಉಣ್ಣಿಸಿದವರಾದ್ದರಿಂದ ತಿನ್ನುವ ವಿಷಯದಲ್ಲಿ ಅವರಿಗೆ ಭಾಷಣ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಅವರಿಗೆ ಒಂದೇ ಒಂದು ಶೋಕಿ. ಸಂಜೆ ಬುದ್ಧ ವಿಹಾರಕ್ಕೆ ಹೋಗಿ ಬರುವಾಗ ನಮ್ಮ ಓಣಿಯ ತಿರುವಿನಲ್ಲಿರುವ ಇಸ್ಮಾಯಿಲ್ ಭಾಯಿಯ ಅಂಗಡಿಯಲ್ಲಿ ಒಂದು ಕಪ್ ಐಸ್‌ಕ್ರೀಮ್ ತಿನ್ನುವುದು. ಇಸ್ಮಾಯಿಲ್ ಭಾಯಿ ಐಸ್‌ಕ್ರೀಮನ್ನೂ ಮಾವಿನ ಶರಬತ್ತನ್ನೂ ತಾನೇ ಕೈಯಾರೆ ತಯಾರಿಸುವ, ಮೆದು ಮಾತಿನ ಮನುಷ್ಯ. ಅವನ ಮನೆತನ ಬೀದರಿನಲ್ಲಿ ಎಷ್ಟು ತಲೆಮಾರಿನಿಂದ ಇದೆ ಎಂದು ಕೇಳಿದರೆ ಕೋಟೆಯ ಕಡೆ ಕೈ ತೋರಿಸುತ್ತಾನೆ. ಅತ್ತೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಾನೆ, ಅವರಿಗೆಂದೇ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿ ಇಟ್ಟಿರುತ್ತಾನೆ.

ಒಂದು ಸಂಜೆ ಅತ್ತೆಯನ್ನು ಕರೆತರಲು ಹೋದವನು ಅವರು ತಿಂದು ಮುಗಿಸುವವರೆಗೆ ಏನು ಮಾಡುವುದೆಂದು ಅಂಗಡಿಯ ಒಳಗೋಡೆಯ ಮಾಡದ ಕಡೆ ಕಣ್ಣು ಹಾಯಿಸಿದೆ. ಅಲ್ಲಿ ಎರಡು ಪೊಟ್ಟಣಗಳಿದ್ದವು. ಓದದೆ ಇರಲಾದೀತೇ? ಒಂದರ ಮೇಲೆ ನಾಲ್ಕುನೂರ ಹನ್ನೆರಡು, ಇನ್ನೊಂದರ ಮೇಲೆ ನಾಲ್ಕುನೂರ ಹದಿನೈದು. ಮೊದಲನೆಯದು ಗವಾರ್ ಗಮ್, ಅಂದರೆ ನಾವು ಪಲ್ಯ ಮಾಡಿ ತಿನ್ನುವ ಚವಳಿಕಾಯಿಯ (ಕೆಲವರು ಗೋರಿಕಾಯಿ ಎನ್ನುತ್ತಾರೆ) ಬೀಜದ ಹಿಟ್ಟು. ಎರಡನೆಯದು ಜ್ಯಾಂಥನ್ ಗಮ್, ಸಕ್ಕರೆಯ ಮೇಲೆ ಒಂದು ಸೂಕ್ಷ್ಮಜೀವಿಯನ್ನು ಬೆಳೆಸಿ ತೆಗೆಯುವ ಗೋಂದು. ಐಸ್‌ಕ್ರೀಮಿನಲ್ಲಿ ಬರ್ಫದ ಹರಳು ಕಟ್ಟದಂತೆ ಮೊದಲನೆಯದನ್ನು, ಶರಬತ್ತಿನಲ್ಲಿ ಮಾವಿನ ತಿರುಳು ತಳಕ್ಕೆ ಕೂಡದಂತೆ ಎರಡನೆಯದನ್ನು ಚಿಟಿಕೆ ಚಿಟಿಕೆ ಹಾಕುತ್ತಾನೆ. ಇದೆಲ್ಲ ನನಗೆ ಗೊತ್ತಿತ್ತು. ಎಣ್ಣೆಯನ್ನೂ ನೀರನ್ನೂ ಜಗಳವಾಡದಂತೆ ಕೂಡಿಸಿ ಇಡುವುದು ಎಮಲ್ಸಿಫೈಯರ್, ಕೂಡಿದ್ದನ್ನು ಕೂಡಿದಂತೆಯೇ ಉಳಿಸುವುದು ಸ್ಟೆಬಿಲೈಜರ್ ಎಂದು ಪ್ರತಿವರ್ಷ ಕಲಿಸುವವನೇ ನಾನು. ನಮ್ಮ ಔರಾದ, ಭಾಲ್ಕಿಯ ಹೊಲಗಳಲ್ಲಿ ಬೆಳೆಯುವ ಸೋಯಾಬೀನಿನಿಂದಲೂ ಒಂದು ಎಮಲ್ಸಿಫೈಯರ್ ಬರುತ್ತದೆ, ಮೇಲೆ ಹೇಳಿದ ಮುನ್ನೂರ ಇಪ್ಪತ್ತೆರಡು ಅದೇ. ಆದರೆ ಗೊತ್ತಿರುವುದಕ್ಕೂ ತಿಳಿದಿರುವುದಕ್ಕೂ ನಡುವೆ ಬಹಳ ಜಾಗ ಇರುತ್ತದೆ. ನಾನು ಗುಟ್ಟಾಗಿ ಮೊಬೈಲಿನಲ್ಲಿ ಆ ಪೊಟ್ಟಣಗಳ ಫೋಟೋ ತೆಗೆದೆ.

ಮುಂದಿನ ವಾರ ಕಾಲೇಜಿನಲ್ಲಿ ಆಹಾರ ಮತ್ತು ಆರೋಗ್ಯದ ಬಗ್ಗೆ ನನ್ನದೊಂದು ಉಪನ್ಯಾಸವಿತ್ತು. ಸಾಮಾನ್ಯವಾಗಿ ನನ್ನ ಉಪನ್ಯಾಸಕ್ಕೆ ಮಕ್ಕಳು ಹಿಂದಿನ ಬೆಂಚಿನಿಂದ ನಿದ್ದೆ ಹೋಗಲು ಶುರುಮಾಡಿ ಮುಂದಿನ ಬೆಂಚಿಗೆ ಬರುತ್ತಾರೆ. ಅಂದು ಹಾಗಾಗಬಾರದೆಂದು ಆ ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ತೋರಿಸಿದೆ. ‘ನಮ್ಮ ಬೀದರಿನಲ್ಲೇ, ನಮ್ಮ ಓಣಿಯ ತಿರುವಿನಲ್ಲೇ ಒಬ್ಬರು ಐಸ್‌ಕ್ರೀಮಿನ ಹೆಸರಿನಲ್ಲಿ ಗೋಂದು ತಿನ್ನಿಸುತ್ತಿದ್ದಾರೆ’ ಎಂದೆ. ಸಭೆ ಎಚ್ಚರವಾಯಿತು. ಎಚ್ಚರವಾದ ಸಭೆಯನ್ನು ಕಂಡು ಅಭ್ಯಾಸವಿಲ್ಲದ ನನಗೆ ಅಮಲೇರಿತು. ಎಲೆಕೋಸನ್ನು ಕೊಳೆಸುವ ಸೂಕ್ಷ್ಮಜೀವಿಯಿಂದ ತೆಗೆದ ಅಂಟು ಎಂದೆ, ಅದು ನಿಜ. ಹೊಟ್ಟೆಯೊಳಗೆ ಹೋಗಿ ಕರುಳಿಗೆ ಅಂಟಿಕೊಳ್ಳುತ್ತದೆ ಎಂದೆ, ಅದು ನಾನು ಅಲ್ಲೇ ನಿಂತು ಹುಟ್ಟಿಸಿದ್ದು. ಚಪ್ಪಾಳೆ ಬಿತ್ತು. ಮಕ್ಕಳಲ್ಲಿ ಯಾರೋ ವಿಡಿಯೋ ಮಾಡಿಕೊಂಡಿದ್ದರು. ನಾನು ಸಂಜೆಯ ರೈಲು ಇಳಿದು ಮನೆ ಸೇರುವಷ್ಟರಲ್ಲಿ ಅದು ನನಗಿಂತ ಮೊದಲೇ ಬೀದರ ಮುಟ್ಟಿತ್ತು.

ಹೆಸರು ಹೇಳಿರಲಿಲ್ಲ ನಿಜ. ಆದರೆ ನಮ್ಮ ಓಣಿಗೆ ಇರುವುದು ಒಂದೇ ತಿರುವು, ಆ ತಿರುವಿಗೆ ಇರುವುದು ಒಂದೇ ಐಸ್‌ಕ್ರೀಮ್ ಅಂಗಡಿ. ಒಂದೆರಡು ವಾರದಲ್ಲಿ ಇಸ್ಮಾಯಿಲ್ ಭಾಯಿಯ ಅಂಗಡಿಯ ಮುಂದಿನ ಕುರ್ಚಿಗಳು ಖಾಲಿಯಾದವು. ಮಕ್ಕಳನ್ನು ಎಳೆದುಕೊಂಡು ತಾಯಂದಿರು ರಸ್ತೆಯ ಆಚೆ ಬದಿಯಲ್ಲಿ ನಡೆಯತೊಡಗಿದರು. ಅವನು ಮಾತ್ರ ನನ್ನನ್ನು ಕಂಡಾಗ ಎಂದಿನಂತೆ ಎದೆಗೆ ಕೈ ತಾಗಿಸಿ ಸಲಾಂ ಮಾಡುತ್ತಿದ್ದ. ಅದೇ ನನಗೆ ತಡೆಯಲಾಗದ ಸಂಗತಿಯಾಗಿ, ನಾನೂ ರಸ್ತೆಯ ಆಚೆ ಬದಿಗೆ ದಾಟಿದೆ. ಅತ್ತೆ ಯಾವ ವಿಡಿಯೋಕ್ಕೂ ಸೊಪ್ಪು ಹಾಕದೆ ದಿನಾ ಹೋಗಿ ತಮ್ಮ ಕುರ್ಚಿಯಲ್ಲಿ ಕುಳಿತು ತಿಂದು ಬರುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟರು.

“ಅಳಿಯಾವ್ರ, ಇಸ್ಮಾಯಿಲ ನಿಮಗ ಏನ್ ಮಾಡಿದ್ದನ್ರಿ?”

ನಾನು ಸಮಾಜದ ಆರೋಗ್ಯ, ವೈಜ್ಞಾನಿಕ ಮನೋಭಾವ ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡು, ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಎದ್ದುಹೋದರು. ವಾದದಲ್ಲಿ ಗೆದ್ದೆನೆಂದು ಆಗ ನಾನು ಭಾವಿಸಿದ್ದೆ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಅತ್ತೆಯ ಕೈಯಿಂದ ಚಹದ ಕಪ್ಪು ಜಾರಿತು. ಎತ್ತಲು ಹೋದವರ ಬಲಗೈ ಮೇಲೇಳಲಿಲ್ಲ, ಮಾತು ತೊದಲಿತು. ಸುಜಾತಾ ಒಂದು ಕ್ಷಣವೂ ತಡಮಾಡದೆ ಆಟೋ ತರಿಸಿದಳು. ದವಾಖಾನೆಯಲ್ಲಿ ಲಕ್ವಾ ಎಂದರು. ಬೇಗ ಬಂದದ್ದರಿಂದ ಜೀವಕ್ಕೆ ಅಪಾಯ ತಪ್ಪಿತು. ದಿನಗಳೆದಂತೆ ಕೈಯಲ್ಲಿ ಸ್ವಲ್ಪ ಶಕ್ತಿ ಬಂತು, ಮಾತೂ ತಕ್ಕಮಟ್ಟಿಗೆ ತಿರುಗಿತು. ಆದರೆ ಒಂದು ತೊಂದರೆ ಉಳಿಯಿತು. ನೀರು ಕುಡಿಸಿದರೆ ಕೆಮ್ಮು ಬಂದು ಉಸಿರು ಸಿಕ್ಕಿಕೊಂಡಂತಾಗುತ್ತಿತ್ತು. ಮೆತ್ತಗಿನ ಅನ್ನ ಇಳಿಯುತ್ತಿತ್ತು, ನೀರು ಇಳಿಯುತ್ತಿರಲಿಲ್ಲ. ಗಟ್ಟಿಯಾದದ್ದು ಇಳಿದು ತೆಳ್ಳಗಿನದು ಇಳಿಯದ ಈ ಲೆಕ್ಕ ನನಗೆ ಅರ್ಥವಾಗಲಿಲ್ಲ. ಮಾತನ್ನೂ ನುಂಗುವುದನ್ನೂ ಮತ್ತೆ ಕಲಿಸುವ ಥೆರಪಿಸ್ಟ್ ಮೇಡಂ ಒಬ್ಬರು ಬಂದು ನೋಡಿದರು. ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿಯಾಗಿರಬಹುದಾದವರು, ಅಂದು ನನಗೆ ಪಾಠ ಮಾಡಿದರು.

“ನೀರು ತೆಳ್ಳಗಿರ್ತದಲ್ರಿ ಸರ್, ಅದಕ್ಕ ಓಡೋ ಅವಸರ. ಗಂಟಲು ತಯಾರಾಗೋದರಾಗ ಅದು ಉಸಿರಿನ ದಾರಿಗೆ ಇಳಿದುಬಿಡ್ತದ. ಪುಪ್ಪುಸದಾಗ ಹೋದ್ರ ಕಷ್ಟ. ಅದಕ್ಕ ಸದ್ಯಕ್ಕ ಕುಡಿಯೋದೆಲ್ಲಾ ಮಂದ ಮಾಡಿ ಕೊಡಬೇಕು. ನೀರು, ಚಹಾ, ಔಷಧಿ ಎಲ್ಲಾ.”

ಜೇನುತುಪ್ಪದ ಹದ ಎಂದು ಅಳತೆ ಹೇಳಿ, ನೀರನ್ನು ಮಂದ ಮಾಡುವ ಪುಡಿಯ ಡಬ್ಬಿಯೊಂದರ ಹೆಸರು ಬರೆದುಕೊಟ್ಟರು. ಬೀದರಿನ ಔಷಧಿ ಅಂಗಡಿಯಲ್ಲಿ ಇರಲಿಲ್ಲ, ಹೈದರಾಬಾದಿನಿಂದ ತರಿಸಿಕೊಟ್ಟರು. ಡಬ್ಬಿ ಕೈಗೆ ಬಂದೊಡನೆ ನನ್ನ ಕೈ ತಾನಾಗಿ ಅದನ್ನು ತಿರುಗಿಸಿತು, ಕನ್ನಡಕ ತಾನಾಗಿ ಹಣೆಗೇರಿತು. ಸಣ್ಣ ಅಕ್ಷರಗಳನ್ನು ಓದಿ ನಾನು ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ಪಕ್ಕದಲ್ಲೇ ನಿಂತಿದ್ದ ಸುಜಾತಾ ನನ್ನ ಮುಖ ನೋಡಿ, ಡಬ್ಬಿ ಎತ್ತಿಕೊಂಡು, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಬಿಡಿಬಿಡಿಯಾಗಿ ಓದಿದಳು. ಜ್ಯಾಂಥನ್ ಗಮ್. ನಾಲ್ಕುನೂರ. ಹದಿನೈದು. ಓದಿ, ಡಬ್ಬಿಯನ್ನು ಅಲ್ಲೇ ಇಟ್ಟು ನೀರು ಕಾಯಿಸಲು ಹೋದಳು. ಆ ದಿನ ಅವಳು ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪುಡಿ ಕಲಸುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ಎಷ್ಟಾದರೂ ರಸಾಯನಶಾಸ್ತ್ರದವನು. ಲೋಟದ ನೀರಿಗೆ ಚಮಚ ಪುಡಿ ಹಾಕಿ ತಿರುವಿದೆ. ಪುಡಿ ಒಳಗೆ ಒಣಗಿಯೇ ಇದ್ದು ಮೇಲೆ ಮಾತ್ರ ನೆನೆದು, ಮೀನಿನ ಕಣ್ಣಿನಂಥ ಗಂಟುಗಳಾಗಿ ತೇಲಾಡಿತು. ಚೆಲ್ಲಿದೆ. ಮತ್ತೆ ಕಲಸಿದೆ, ಮತ್ತೆ ಗಂಟು. ಹಟ ಹಿಡಿದು ಜಾಸ್ತಿ ಹಾಕಿದಾಗ ಲೋಟವನ್ನು ಬೋರಲು ಹಾಕಿದರೂ ನೀರು ಕೆಳಗೆ ಬೀಳಲಿಲ್ಲ. ಕೊನೆಗೆ ಹೇಗೋ ಸೋಸಿ ಹದ ಮಾಡಿ ಅತ್ತೆಗೆ ಚಮಚದಿಂದ ಕುಡಿಸಿದೆ. ಕೆಮ್ಮಲಿಲ್ಲ. ಹತ್ತು ದಿನದ ಮೇಲೆ ಮೊದಲ ಸಲ ನೀರು ಕೆಮ್ಮಿಲ್ಲದೆ ಅವರ ಗಂಟಲು ದಾಟಿತು. ಅವರು ಬಾಯಿಯೊಳಗೇ ಅದನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, ತೊದಲುತ್ತ ಹೇಳಿದರು.

“ನೀರ ಕೇಳಿದ್ರ ಅಂಬಲಿ ಕೊಟ್ಟೀರಲ್ರಿ ಅಳಿಯಾವ್ರ.”

ಹೀಗೆ ಕಲಸಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚಾದ್ದರಿಂದ, ತಿಂಗಳು ಬರಬೇಕಿದ್ದ ಡಬ್ಬಿ ಎರಡು ವಾರಕ್ಕೇ ತಳ ಕಂಡಿತು. ತಳ ಕಂಡದ್ದು ಮೇ ತಿಂಗಳ ಒಂದು ಭಾನುವಾರ. ಹೊಸ ಡಬ್ಬಿ ಹೈದರಾಬಾದಿನಿಂದ ಬರಲು ಮಂಗಳವಾರವಾಗುತ್ತದೆ ಎಂದು ಔಷಧಿ ಅಂಗಡಿಯವರು ಫೋನಿನಲ್ಲಿ ಹೇಳಿದರು. ಬೀದರಿನ ಮೇ ತಿಂಗಳೆಂದರೆ ಗೋಡೆಗೆ ಬೆನ್ನು ತಾಗಿಸಿದರೂ ಸುಡುವ ಕಾಲ. ಬೆಳಿಗ್ಗೆಯಿಂದ ಅತ್ತೆಗೆ ರವೆಯ ಗಂಜಿಯನ್ನಷ್ಟೇ ಕೊಟ್ಟಿದ್ದೆವು. ಮಧ್ಯಾಹ್ನದ ಹೊತ್ತಿಗೆ ಅವರ ತುಟಿ ಒಣಗಿತು, ನಾಲಿಗೆ ಅಂಗುಳಿಗೆ ಅಂಟಿದಂತಾಗಿ ಮಾತು ಮತ್ತೆ ತೊದಲತೊಡಗಿತು. ಅವರು ಗಂಜಿಯ ಬಟ್ಟಲನ್ನು ಎಡಗೈಯಿಂದ ಸರಿಸಿ, ಮೂಲೆಯಲ್ಲಿದ್ದ ನೀರಿನ ಮಡಕೆಯನ್ನು ನೋಡುತ್ತಿದ್ದರು. ಕೇಳುತ್ತಿರಲಿಲ್ಲ, ನೋಡುತ್ತಿದ್ದರು. ಸುಜಾತಾ ನನ್ನ ಕಡೆ ತಿರುಗಿದಳು.

“ಆ ಪುಡಿ ಯಾರ ಅಂಗಡ್ಯಾಗ ಅದ ಅಂತ ನಿಮಗ ಗೊತ್ತದ. ಫೋಟೋನೂ ಅದ.”

ನಾನು ಚಪ್ಪಲಿ ಮೆಟ್ಟಿ ಹೊರಟೆ. ಮನೆಯಿಂದ ಆ ತಿರುವಿಗೆ ಇನ್ನೂರು ಹೆಜ್ಜೆ ಇರಬಹುದು. ಕಾಲೇಜಿನಲ್ಲಿ ಕೆಲಸ ಸಿಗುವ ಮುಂಚೆ ಸಂದರ್ಶನಕ್ಕೆ ಹೋದಾಗಲೂ ನನ್ನ ಕಾಲು ಅಷ್ಟು ಭಾರವಾಗಿರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮೊದಲು ಕುಶಲ ಕೇಳುವುದು, ಆಮೇಲೆ ಬಿಸಿಲಿನ ವಿಚಾರ, ಆಮೇಲೆ ಮೆಲ್ಲಗೆ ವಿಷಯಕ್ಕೆ ಬರುವುದು. ಇಸ್ಮಾಯಿಲ್ ಭಾಯಿ ಖಾಲಿ ಅಂಗಡಿಯಲ್ಲಿ ಒಬ್ಬನೇ ಕುಳಿತು ಗಾಜಿನ ಕಪ್ಪುಗಳನ್ನು ಒರೆಸುತ್ತಿದ್ದ. ಒರೆಸಿದ ಕಪ್ಪುಗಳನ್ನೇ ಮತ್ತೆ ಒರೆಸುತ್ತಿದ್ದ ಎಂದು ತೋರುತ್ತದೆ. ನನ್ನನ್ನು ಕಂಡು ಎದ್ದು ಎದೆಗೆ ಕೈ ತಾಗಿಸಿದ. ಜೋಡಿಸಿಕೊಂಡದ್ದೆಲ್ಲ ಮರೆತು, ಅತ್ತೆಗೆ ನೀರು ಕುಡಿಯಲಾಗುತ್ತಿಲ್ಲ, ನಿಮ್ಮ ನಾಲ್ಕುನೂರ ಹದಿನೈದು ಬೇಕು ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅವನು ಯಾಕೆ, ಏನು ಎಂದು ಕೇಳಲಿಲ್ಲ. ಮಾಡದಿಂದ ಒಡೆಯದ ಹೊಸ ಪೊಟ್ಟಣವೊಂದನ್ನು ತೆಗೆದ, ಜೊತೆಗೆ ಶರಬತ್ತಿಗೆ ಪುಡಿ ತೂಗುವ ಅಂಗೈಯಗಲದ ತಕ್ಕಡಿಯನ್ನೂ ತೆಗೆದುಕೊಂಡ. ನಾನು ಕೈ ಚಾಚಿದರೆ ಕೊಡಲಿಲ್ಲ.

“ಇದು ಭಾಳ ತೇಜ್ ಅದರಿ ಸರ್. ಅಂದಾಜಿನ ಮ್ಯಾಲೆ ಹಾಕಬಾರ್ದು. ನಾನೇ ಬರ್ತೇನಿ ನಡೀರಿ” ಎಂದು ಅಂಗಡಿಯ ಶಟರ್ ಅರ್ಧಕ್ಕೆ ಎಳೆದ.

ಮನೆಗೆ ಬಂದ ಮೇಲೆ ಸುಜಾತಾ ಥೆರಪಿಸ್ಟ್ ಮೇಡಂಗೆ ವಿಡಿಯೋ ಕರೆ ಮಾಡಿದಳು. ಅವರು ಪೊಟ್ಟಣದ ಹಿಂದು ಮುಂದು ತೋರಿಸಲು ಹೇಳಿ, ತಿನ್ನಲು ಯೋಗ್ಯವಾದದ್ದೇ ಎಂದು ಖಾತ್ರಿ ಮಾಡಿಕೊಂಡರು. ಡಬ್ಬಿಯ ಪುಡಿಯಲ್ಲಿ ಬೇರೆ ಹಿಟ್ಟೂ ಬೆರೆತಿರುತ್ತದೆ, ಇದು ಬರಿಯ ಗೋಂದು, ಆದ್ದರಿಂದ ಡಬ್ಬಿಯ ಚಮಚದ ಅಳತೆ ಇದಕ್ಕೆ ನಡೆಯದು, ತಮ್ಮ ಕಣ್ಣೆದುರೇ ಕಲಸಿ ಹದ ತೋರಿಸಿ ಎಂದರು. ಮೇಡಂ ಹೇಳಿದಷ್ಟನ್ನು ಇಸ್ಮಾಯಿಲ್ ಭಾಯಿ ತಕ್ಕಡಿಯಲ್ಲಿ ತೂಗಿದ. ನಾನು ಎಂದಿನಂತೆ ಲೋಟಕ್ಕೆ ಸುರಿಯಲು ಹೋದೆ. ಅವನು ನನ್ನ ಮೊಣಕೈ ಹಿಡಿದು ನಿಲ್ಲಿಸಿದ. ಮೇಡಂ ಅವರ ಒಪ್ಪಿಗೆ ಕೇಳಿ, ಆ ಚಿಟಿಕೆ ಪುಡಿಯನ್ನು ಮೊದಲು ಒಂದು ಚಮಚ ಸಕ್ಕರೆಯಲ್ಲಿ ಒಣಗಿದ್ದಂತೆಯೇ ಬೆರೆಸಿದ. ಆಮೇಲೆ ನೀರನ್ನು ಸುಳಿ ಏಳುವಂತೆ ತಿರುವುತ್ತ, ಆ ಸುಳಿಯೊಳಗೆ ಸಕ್ಕರೆಯನ್ನು ಉದುರಿಸಿದ. ಒಂದು ಗಂಟೂ ಇಲ್ಲ. ಐದು ನಿಮಿಷ ಇಡಬೇಕು, ತಾನಾಗಿ ಮಂದವಾಗುತ್ತದೆ, ಅವಸರ ಮಾಡಿ ಮತ್ತೆ ಪುಡಿ ಹಾಕಿದರೆ ಕೆಡುತ್ತದೆ ಎಂದ. ಗೋಂದಿನ ಕಣಗಳು ಒಂದಕ್ಕೊಂದು ಅಂಟುವ ಮೊದಲೇ ಸಕ್ಕರೆ ಅವುಗಳನ್ನು ದೂರ ಇಡುತ್ತದೆ. ಇದನ್ನು ನಾನು ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲೆ. ಲೋಟದಲ್ಲಿ ಮಾಡುವುದು ಮಾತ್ರ ಹೊಳೆದಿರಲಿಲ್ಲ.

ಚಮಚವನ್ನು ಓರೆ ಮಾಡಿದರೆ ನೀರು ಜೇನಿನಂತೆ ಎಳೆಯಾಗಿ ಇಳಿಯಿತು. ಸರಿಯಾಗಿದೆ, ಕೊಡಿ ಎಂದರು ಮೇಡಂ. ಅತ್ತೆಯನ್ನು ನೆಟ್ಟಗೆ ಕೂಡಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಸುಜಾತಾ ಒಂದೊಂದೇ ಚಮಚ ಕುಡಿಸಿದಳು. ನಾವೆಲ್ಲ ಕೆಮ್ಮು ಬಂದೀತೇ ಎಂದು ಕಿವಿಯಾಗಿ ನಿಂತೆವು. ಬರಲಿಲ್ಲ. ಇಡೀ ಲೋಟ ಖಾಲಿಯಾಯಿತು. ಒಣಗಿದ ತುಟಿ ಒದ್ದೆಯಾಗಿ, ಅತ್ತೆ ಎದುರಿಗೆ ನಿಂತಿದ್ದವನನ್ನು ನೋಡಿ, “ಇಸ್ಮಾಯಿಲ, ಸಿಹಿ ಆಗ್ಯದಪಾ” ಎಂದರು. ಅವನು ಬಾಗಿಲ ಕಡೆ ಮುಖ ತಿರುಗಿಸಿಕೊಂಡು ಹೆಗಲ ಮೇಲಿನ ವಸ್ತ್ರದಿಂದ ಕಣ್ಣು ಒರೆಸಿಕೊಂಡ. ಆಮೇಲೆ ಬೆವರು ಎಂದು ಹೇಳಿದ.

ಅಂಗಳದವರೆಗೆ ಬೀಳ್ಕೊಡಲು ಹೋದವನು ಕೊನೆಗೂ ತಪ್ಪಾಯಿತು ಎಂದೆ. ಆ ದಿನ ನಾನು ಹಾಗೆ ಮಾತಾಡಬಾರದಿತ್ತು, ಅದರಲ್ಲಿ ಅರ್ಧ ಸುಳ್ಳೇ ಇತ್ತು ಎಂದೆ. ಇಸ್ಮಾಯಿಲ್ ಭಾಯಿ ತಕ್ಕಡಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

“ಗಿರಾಕಿ ಇವತ್ತ ಹೋಗ್ತಾರ, ನಾಳೆ ಬರ್ತಾರ್ರಿ ಸರ್, ಅದರ ಫಿಕರ್ ಇಲ್ಲ. ಆದ್ರ ಅವತ್ತ ನನ್ನ ಮಗಳು ಅಲ್ಲೇ ಕುಂತಿದ್ದಳ್ರಿ. ಅಕಿದೂ ನಿಮ್ಮ ಕಾಲೇಜೇ ಅದರಿ. ಮುಂದಿನ ಬೆಂಚ್.”

ಮುಂದಿನ ಬೆಂಚು ಎಂದೊಡನೆ ಎಡ ತುದಿಯಲ್ಲಿ ಕೂಡುವ ನಾಜಿಯಾ ಕಣ್ಣಿಗೆ ಬಂದಳು. ದಿನಾ ಅದೇ ರೈಲಿನಲ್ಲಿ ಬೀದರಿನಿಂದ ಬರುವ, ಕೇಳಿದ ಪ್ರಶ್ನೆಗೆಲ್ಲ ಮೊದಲು ಕೈ ಎತ್ತುವ ಹುಡುಗಿ. ಆ ಉಪನ್ಯಾಸದ ಮೇಲೆ ರಜೆ ಶುರುವಾಗುವವರೆಗೆ ಅವಳು ಕೈ ಎತ್ತಿರಲಿಲ್ಲ. ಹುಷಾರಿಲ್ಲವೇನೋ ಎಂದುಕೊಂಡು ನಾನು ಬೇರೆಯವರನ್ನು ಕೇಳುತ್ತಿದ್ದೆ. ಅವಳು ಯಾರ ಮಗಳೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಪೊಟ್ಟಣಗಳ ಬೆನ್ನನ್ನೆಲ್ಲ ಓದಿದವನು ಕಣ್ಣೆದುರಿಗಿದ್ದ ಒಂದು ಮುಖವನ್ನು ಓದಿರಲಿಲ್ಲ.

ರಜೆ ಮುಗಿದು ಕಾಲೇಜು ತೆರೆದ ಮೊದಲ ವಾರವೇ ಪ್ರಾಚಾರ್ಯರ ಅನುಮತಿ ಪಡೆದು ಮತ್ತೊಂದು ಉಪನ್ಯಾಸ ಇಟ್ಟುಕೊಂಡೆ. ಮೊದಲಿಗೇ, ಕರುಳಿಗೆ ಅಂಟುತ್ತದೆ ಎಂದದ್ದು ನಾನು ಹುಟ್ಟಿಸಿಕೊಂಡು ಹೇಳಿದ ಸುಳ್ಳು ಎಂದೆ. ಪೊಟ್ಟಣದ ತಿನಿಸುಗಳನ್ನೆಲ್ಲ ಹೊಗಳಲು ನಾನು ನಿಂತಿರಲಿಲ್ಲ, ಅತಿಯಾದರೆ ಯಾವುದೂ ಒಳ್ಳೆಯದಲ್ಲ ಎಂಬುದನ್ನೂ ಹೇಳಿದೆ. ಆದರೆ ಒಂದು ಸಂಖ್ಯೆಯನ್ನು ನೋಡಿ ಒಬ್ಬ ಮನುಷ್ಯನನ್ನು ಅಳೆದದ್ದು ತಪ್ಪು ಎಂದೆ. ಆಮೇಲೆ ನಮ್ಮ ಅತ್ತೆಯ ಕಥೆಯನ್ನು ಹೇಳಿ, ಎರಡು ಲೋಟ ನೀರು ತರಿಸಿದೆ. ಒಂದರಲ್ಲಿ ನಾನು ಕಲಸಿದೆ, ಗಂಟು ಕಟ್ಟಿತು. ಇನ್ನೊಂದನ್ನು ಕಲಸಲು ಯಾರಾದರೂ ಬನ್ನಿ ಎಂದೆ. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡರು. ನಂತರ ಮುಂದಿನ ಬೆಂಚಿನ ಎಡ ತುದಿಯಲ್ಲಿ ಒಂದು ಕೈ ಎದ್ದಿತು. ನಾಜಿಯಾ ಬಂದು ಸಕ್ಕರೆ ಕೇಳಿದಳು. ಅವಳ ಅಪ್ಪ ನಮ್ಮ ಅಡುಗೆಮನೆಯಲ್ಲಿ ಮಾಡಿದಂತೆಯೇ ಸುಳಿ ಎಬ್ಬಿಸಿ ಉದುರಿಸಿದಳು. ಕನ್ನಡಿಯಂತೆ ತಿಳಿಯಾಗಿ ಮಂದವಾದ ಆ ಲೋಟವನ್ನು ಸಭೆಗೆ ಎತ್ತಿ ತೋರಿಸುವಾಗ, ಇದನ್ನು ಎಲ್ಲಿ ಕಲಿತೆ ಎಂದು ಕೇಳಿದೆ. “ನಮ್ಮ ಅಬ್ಬಾ ಕಲಿಸ್ಯಾರ್ರಿ ಸರ್” ಎಂದು ಹಿಂದಿನ ಬೆಂಚಿನವರೆಗೂ ಕೇಳುವಂತೆ ಹೇಳಿದಳು. ಅಂದು ಬಿದ್ದ ಚಪ್ಪಾಳೆಯಲ್ಲಿ ನನ್ನ ಪಾಲು ಏನೂ ಇರಲಿಲ್ಲ. ಆದರೂ ನನ್ನ ಇಷ್ಟು ವರ್ಷದ ನೌಕರಿಯಲ್ಲಿ ಅದಕ್ಕಿಂತ ಒಳ್ಳೆಯ ಚಪ್ಪಾಳೆಯನ್ನು ನಾನು ಕೇಳಿಲ್ಲ.

ಅದನ್ನೂ ಮಕ್ಕಳು ವಿಡಿಯೋ ಮಾಡಿದರು. ಆದರೆ ಅದು ಭಾಲ್ಕಿಯಿಂದ ಹೊರಡಲೇ ಇಲ್ಲ. ಒಬ್ಬರನ್ನು ಬೈದದ್ದು ರೈಲಿಗಿಂತ ಜೋರಾಗಿ ಓಡಿತ್ತು, ತಪ್ಪೊಪ್ಪಿಕೊಂಡದ್ದನ್ನು ಮುಂದೆ ತಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ. ನಾನೇ ಪರಿಚಯದ ಮಂದಿಗೆಲ್ಲ ಕಳಿಸಿದೆ. ಕೆಲವರು ಕೈ ಮುಗಿದ ಚಿತ್ರ ಹಾಕಿದರು, ಒಬ್ಬರು ತಪ್ಪು ತಿಳಿದು ಸಂತಾಪ ಸೂಚಿಸಿದರು. ಈ ಸಂಕಟವನ್ನು ಹೇಳಿಕೊಂಡಾಗ ಇಸ್ಮಾಯಿಲ್ ಭಾಯಿ ಬಹಳ ಯೋಚಿಸಿ ಒಂದು ಉಪಾಯ ಹೇಳಿದ. ವಿಡಿಯೋ ಗಿಡಿಯೋ ಬೇಡ, ದಿನಾ ಸಂಜೆ ಅರ್ಧ ಗಂಟೆ ನೀವು ಬಂದು ಅಂಗಡಿಯ ಮುಂದೆ ಕುಳಿತು ಎಲ್ಲರಿಗೂ ಕಾಣುವಂತೆ ಒಂದು ಕಪ್ ಐಸ್‌ಕ್ರೀಮ್ ತಿನ್ನಿ ಎಂದ. ನಾನು ಒಪ್ಪಿದೆ. ರೈಲು ಇಳಿದವನು ನೇರವಾಗಿ ಅಲ್ಲಿಗೇ ಹೋಗುತ್ತಿದ್ದೆ. ಮೊದಲ ವಾರ ತಾಯಂದಿರು ಆಚೆ ಬದಿಯಿಂದ ನೋಡಿದರು. ಎರಡನೆಯ ವಾರ ಒಬ್ಬರು ಬಂದು, “ಸರ್, ನೀವೇ ಬ್ಯಾಡ ಅಂದಿದ್ರಿ?” ಎಂದು ಕೇಳಿದರು. ನಾನು ಬಾಯಿತುಂಬ ಐಸ್‌ಕ್ರೀಮ್ ಇಟ್ಟುಕೊಂಡೇ ತಪ್ಪು ನನ್ನದೆಂದು ವಿವರಿಸಿದೆ. ಶ್ರಾವಣದ ಹೊತ್ತಿಗೆ ಕುರ್ಚಿಗಳು ತುಂಬತೊಡಗಿದವು.

ಅತ್ತೆಯೂ ಮೇಡಂ ಹೇಳಿದ ವ್ಯಾಯಾಮಗಳನ್ನು ಶಾಲೆಯ ಮಗುವಿನ ಶ್ರದ್ಧೆಯಿಂದ ಮಾಡಿದರು. ಜೇನಿನ ಹದದಿಂದ ಶರಬತ್ತಿನ ಹದಕ್ಕೆ ಬಂದು, ಕೊನೆಗೊಂದು ದಿನ ಮೇಡಂ ಎದುರಿನಲ್ಲಿ ಬರಿಯ ನೀರನ್ನು ಕುಡಿದರು. ಮಡಕೆಯ ತಣ್ಣನೆ ನೀರು, ಅದರಲ್ಲಿ ಏನೂ ಇರಲಿಲ್ಲ. ಕಣ್ಣು ಮುಚ್ಚಿ ಲೋಟ ಪೂರ್ತಿ ಮಾಡಿ, ಇಷ್ಟು ರುಚಿಯಾದದ್ದನ್ನು ಈ ಮನೆಯಲ್ಲಿ ಯಾರೂ ಮಾಡಿರಲಿಲ್ಲ ಎಂದರು. ಐಸ್‌ಕ್ರೀಮ್ ಬಾಯಲ್ಲಿ ಕರಗಿದರೆ ನೀರಿನಷ್ಟೇ ತೆಳ್ಳಗಾಗುವುದರಿಂದ ಅಲ್ಲಿಯವರೆಗೆ ಅದಕ್ಕೂ ನಿಷೇಧವಿತ್ತು. ಮರುದಿನ ಸಂಜೆ ಸುಜಾತಾಳ ತೋಳು ಹಿಡಿದು ಅವರು ಮೆಲ್ಲಗೆ ತಿರುವಿಗೆ ಬಂದಾಗ, ಇಸ್ಮಾಯಿಲ್ ಭಾಯಿ ಅವರ ಕುರ್ಚಿಯನ್ನು ಎರಡೆರಡು ಸಲ ಒರೆಸಿದ. ನಾಜಿಯಾ ತಾನೇ ಕಪ್ಪು ತಂದುಕೊಟ್ಟಳು. ಆ ಚವಳಿಕಾಯಿಯ ಗಿಡಕ್ಕೆ, ಎಲೆಕೋಸು ಕೊಳೆಸುವ ಆ ಸೂಕ್ಷ್ಮಜೀವಿಗೆ, ನುಂಗುವುದನ್ನು ಕಲಿಸಿದ ಆ ಮೇಡಂಗೆ, ಯಾಕೆ ಏನು ಎಂದು ಕೇಳದೆ ಶಟರ್ ಎಳೆದು ಬಂದ ಆ ಮನುಷ್ಯನಿಗೆ ನಾನು ಮನಸ್ಸಿನಲ್ಲೇ ಒಟ್ಟಿಗೆ ಕೈ ಮುಗಿದೆ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಕಳೆದ ತಿಂಗಳು ಅತ್ತೆಯನ್ನು ತಪಾಸಣೆಗೆ ಕರೆದುಕೊಂಡು ಹೋದಾಗ, ಡಾಕ್ಟರು ಸುಮ್ಮನಿರದೆ ನನ್ನ ರಕ್ತವನ್ನೂ ತೆಗೆಸಿದರು. ಅತ್ತೆಯದು ಎಲ್ಲ ಸರಿ ಇತ್ತು. ನನಗೆ ಸಕ್ಕರೆ ಕಾಯಿಲೆ ಬಾಗಿಲವರೆಗೆ ಬಂದಿದೆಯಂತೆ, ಇಂದಿನಿಂದಲೇ ಐಸ್‌ಕ್ರೀಮ್ ಬಂದ್ ಎಂದರು. ಸಣ್ಣ ಅಕ್ಷರದ ಸಂಖ್ಯೆಗಳನ್ನು ಹುಡುಕುವ ಭರದಲ್ಲಿ, ಎಲ್ಲ ಪೊಟ್ಟಣಗಳ ಮೇಲೂ ಮೊದಲ ಸಾಲಿನಲ್ಲೇ ಇರುತ್ತಿದ್ದ ಸಕ್ಕರೆ ಎಂಬ ಪದವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಇಸ್ಮಾಯಿಲ್ ಭಾಯಿಗೆ ವಿಷಯ ಹೇಳಿ, ನಾಳೆಯಿಂದ ಬರಲಾಗದು ಎಂದೆ. ನೀವು ಕುಳಿತುಕೊಳ್ಳುವುದನ್ನು ಬಿಟ್ಟರೆ ಮಂದಿ ಮತ್ತೆ ಏನೇನೋ ತಿಳಿದಾರು ಎಂದು ಅವನು ಚಿಂತೆಗೆ ಬಿದ್ದ. ಅತ್ತೆ ತಮ್ಮ ಕಪ್ಪಿನಿಂದ ತಲೆ ಎತ್ತದೆ ತೀರ್ಮಾನ ಹೇಳಿದರು.

“ಖಾಲಿ ಕಪ್ ಕೊಡಪಾ ಇಸ್ಮಾಯಿಲ. ಅಳಿಯಾವ್ರು ಇಲ್ಲದ್ದು ಇದ್ದಂಗ ಹೇಳೋದರಾಗ ಶಾಣ್ಯಾ ಇದ್ದಾರ.”

ಆದ್ದರಿಂದ ಬೀದರಿನ ನಮ್ಮ ಓಣಿಯ ತಿರುವಿನಲ್ಲಿ, ಸಂಜೆ ಆರರ ಸುಮಾರಿಗೆ, ಕನ್ನಡಕವನ್ನು ಹಣೆಗೇರಿಸಿದ ಮನುಷ್ಯನೊಬ್ಬ ಕಪ್ಪಿನಲ್ಲಿ ಚಮಚ ಆಡಿಸುತ್ತ, ನಡುನಡುವೆ ತೃಪ್ತಿಯಿಂದ ಕಣ್ಣು ಮುಚ್ಚುತ್ತ ಕುಳಿತಿರುವುದನ್ನು ನೀವು ಕಂಡರೆ ದೂರದಿಂದಲೇ ನಮಸ್ಕಾರ ಮಾಡಿ, ಒಳಗೆ ಹೋಗಿ ನಿಮ್ಮ ಕಪ್ಪು ತೆಗೆದುಕೊಳ್ಳಿ. ದಯವಿಟ್ಟು ಹತ್ತಿರ ಬಂದು ನನ್ನ ಕಪ್ಪಿನೊಳಗೆ ಇಣುಕಬೇಡಿ.